ನೆಲದ ನಕ್ಷೆ ಯಾರ ಕೈಯಲ್ಲಿರಬೇಕು: ರಾಜ್ಯದ ಮಾರ್ಗಸೂಚಿಯೋ, ಊರಿನ ಹಿಡಿತವೋ?

ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಾರ್ಖಾನೆ ಬರಬಹುದು, ಯಾವ ಹೊಲ ಹೊಲವಾಗಿಯೇ ಉಳಿಯಬೇಕು? ಇದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಮಾಸ್ಟರ್ ಪ್ಲಾನಿನ ಕರಡಿಗೆ ಆಕ್ಷೇಪಣೆ ಕರೆದಾಗಲೆಲ್ಲ ಏಳುತ್ತದೆ. ಓದುಗರು ಕೇಳುವುದೂ ಹೆಚ್ಚುಕಡಿಮೆ ಹೀಗೇ: "ಎಲ್ಲ ಊರುಗಳಿಗೂ ಒಂದೇ ಮಾರ್ಗಸೂಚಿ ಬರುತ್ತದಂತೆ. ಬೆಂಬಲಿಸೋಣವೋ, ನಮ್ಮೂರಿನ ಅಧಿಕಾರ ನಮಗೇ ಇರಲಿ ಅನ್ನೋಣವೋ?"

ಊರಿಗೆ ಅಧಿಕಾರ ಅಂದರೆ ಪ್ರಜಾಪ್ರಭುತ್ವ, ಮೇಲಿನವರಿಗೆ ಅಧಿಕಾರ ಅಂದರೆ ದರ್ಬಾರು ಎನ್ನುವವರಿದ್ದಾರೆ. ಊರಿನವರ ಕೈಗೆ ಕೊಟ್ಟರೆ ಪುಢಾರಿಗಳೂ ಬಿಲ್ಡರುಗಳೂ ಸೇರಿ ನುಂಗಿಬಿಡುತ್ತಾರೆ ಎನ್ನುವವರೂ ಇದ್ದಾರೆ. ಎರಡು ಮಾತಿಗೂ ಬೇಕಾದಷ್ಟು ಉದಾಹರಣೆ ಸಿಗುತ್ತವೆ. ಅದಕ್ಕೇ ಈ ಜಗಳ ಎಷ್ಟು ಆಡಿದರೂ ಮುಗಿಯುವುದಿಲ್ಲ. ಜಗತ್ತಿನಲ್ಲಿ ಚಾಲ್ತಿಯಲ್ಲಿರುವ ಮಾದರಿಗಳು ಎರಡೇ ಅಲ್ಲ, ಕಡೇಪಕ್ಷ ಐದಿವೆ. ಅವನ್ನು ಒಂದೊಂದಾಗಿ ತೂಗಿ ನೋಡುವುದು ಈ ಬರಹದ ಕೆಲಸ. ಇಲ್ಲಿ 'ರಾಜ್ಯ' ಎಂದರೆ ಸ್ಥಳೀಯ ಸಂಸ್ಥೆಗಿಂತ ಮೇಲಿರುವ ಸರ್ಕಾರ. ಕೆಲವು ಕಡೆ ಅದು ಕೇಂದ್ರ ಸರ್ಕಾರವೇ ಆಗಿರುತ್ತದೆ.

ತೂಗುವ ಮೊದಲು ತಕ್ಕಡಿ

ಮೊದಲು ನೋಡಬೇಕಾದದ್ದು ತೀರ್ಮಾನದ ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು. ಕಾಂಪೌಂಡು ಎಷ್ಟು ಎತ್ತರ ಇರಬೇಕು, ಅಂಗಡಿ ಬೀದಿಯಲ್ಲಿ ಬೋರ್ಡು ಎಷ್ಟು ಅಗಲ ಇರಬೇಕು ಎಂಬುದರ ಬಿಸಿ ಆ ಬೀದಿಯವರಿಗೆ ಮಾತ್ರ ತಟ್ಟುತ್ತದೆ. ಜೌಗು ನೆಲಕ್ಕೆ ಮಣ್ಣು ತುಂಬಿಸಿ ಸೈಟು ಮಾಡಿದರೆ ಮಾತ್ರ ಹಾಗಲ್ಲ. ಸೈಟು ಮಾರಿದ ದುಡ್ಡು ಮೇಲಿನ ಊರಿಗೆ, ಮನೆಗೆ ನುಗ್ಗುವ ನೀರು ಕೆಳಗಿನ ಊರಿಗೆ. ಕೆಳಗಿನ ಊರಿನವರಿಗೆ ಮೇಲಿನ ಊರಿನ ಸಭೆಯಲ್ಲಿ ಓಟಿಲ್ಲ.

ಎರಡನೆಯದು, ಆ ಸಭೆಗೆ ಬಾರದವರು ಯಾರು ಎಂಬುದು. ಸಾರ್ವಜನಿಕ ಅಹವಾಲು ಸಭೆಯ ಚಿತ್ರ ಎಲ್ಲ ಕಡೆಯೂ ಒಂದೇ ಥರ: ವಾರದ ನಡುವಿನ ದಿನ, ಕೆಲಸದ ಹೊತ್ತು, ಮುಂದಿನ ಸಾಲಿನಲ್ಲಿ ಸ್ವಂತ ಮನೆ ಇರುವ ಹಿರಿಯರು, ಒಬ್ಬೊಬ್ಬರಿಗೂ ಎರಡು ಮೂರು ನಿಮಿಷ ಮೈಕು. ಬಾಡಿಗೆದಾರರು, ಪಾಳಿ ಕೆಲಸದವರು, ಸಣ್ಣ ಮಕ್ಕಳ ತಾಯಂದಿರು ಅಪರೂಪ. ಅಲ್ಲಿ ಕಟ್ಟಬೇಕೆಂದಿರುವ ಮನೆಗಳಿಗೆ ಮುಂದೆ ಬಂದು ಸೇರುವವರಂತೂ ಬರುವ ಪ್ರಶ್ನೆಯೇ ಇಲ್ಲ, ಅವರು ಇನ್ನೂ ಆ ಊರಿನವರೇ ಅಲ್ಲ. 'ಊರಿನ ಅಭಿಪ್ರಾಯ' ಎಂದು ದಾಖಲಾಗುವುದು ಬಂದು ಕೂತವರ ಅಭಿಪ್ರಾಯ.

ಮೂರನೆಯದು ಶಕ್ತಿ. ಭೂಬಳಕೆ ನಕ್ಷೆ ಮಾಡಲು ಸರ್ವೆ ಬೇಕು, ನೀರು ಮತ್ತು ರಸ್ತೆಯ ಲೆಕ್ಕ ಬೇಕು, ಜನಸಂಖ್ಯೆಯ ಅಂದಾಜು ಬೇಕು, ಕೋರ್ಟಿನಲ್ಲಿ ನಿಲ್ಲುವ ಭಾಷೆ ಬೇಕು. ದೊಡ್ಡ ನಗರಕ್ಕೆ ಇದಕ್ಕೊಂದು ಇಲಾಖೆಯೇ ಇರುತ್ತದೆ. ಸಣ್ಣ ಪಟ್ಟಣದಲ್ಲಿ ಒಬ್ಬ ಎಂಜಿನಿಯರು ಚರಂಡಿ, ಬೀದಿದೀಪಗಳ ಜೊತೆಗೆ ಇದನ್ನೂ ನೋಡಬೇಕು.

ಜೊತೆಗೆ ಇನ್ನೆರಡು ಅಂಶ: ಅರ್ಜಿ ಹಾಕಿದವನಿಗೆ ಉತ್ತರ ಎಷ್ಟು ಬೇಗ, ಎಷ್ಟು ಖಚಿತವಾಗಿ ಸಿಗುತ್ತದೆ? ತೀರ್ಮಾನ ತಪ್ಪಾದರೆ ತಿದ್ದುವುದು ಎಷ್ಟು ಸುಲಭ? ಊರು ತಪ್ಪಿದರೆ ಒಂದೇ ಊರು ಕೆಡುತ್ತದೆ, ರಾಜ್ಯ ತಪ್ಪಿದರೆ ಎಲ್ಲ ಊರುಗಳೂ ಒಟ್ಟಿಗೆ ಕೆಡುತ್ತವೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಬಗೆದ ಗುಡ್ಡವನ್ನು ಯಾವ ತಿದ್ದುಪಡಿಯೂ ಮತ್ತೆ ನಿಲ್ಲಿಸುವುದಿಲ್ಲ.

ಕೊನೆಯದು ನನ್ನ ಲೆಕ್ಕದಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚು ತೂಗುತ್ತದೆ: ಊರು ತನ್ನ ಕೆಲಸ ಮಾಡದೆ ಸುಮ್ಮನೆ ಕೂತರೆ ಏನಾಗುತ್ತದೆ? ಯಾವ ಕರಡು ಕಾನೂನನ್ನು ಕೈಗೆತ್ತಿಕೊಂಡರೂ ನಾನು ಮೊದಲು ಹುಡುಕುವುದು ಈ ಉತ್ತರವನ್ನು. ಗುರಿ, ಆಶಯ, ದೂರದೃಷ್ಟಿಯ ಪುಟಗಳನ್ನು ಆಮೇಲೆ ಓದಿದರೂ ನಡೆಯುತ್ತದೆ.

ಪೂರ್ತಿ ಊರಿನ ಹಿಡಿತ

ಅಮೆರಿಕದ ಬಹುಪಾಲು ಇಂದಿಗೂ ಈ ಮಾದರಿಯದು. 1920ರ ದಶಕದಲ್ಲಿ ಅಲ್ಲಿನ ವಾಣಿಜ್ಯ ಇಲಾಖೆ ರಾಜ್ಯಗಳಿಗಾಗಿ ಒಂದು ಮಾದರಿ ಕಾಯ್ದೆ ಬರೆದುಕೊಟ್ಟಿತು. ರಾಜ್ಯಗಳು ಅದನ್ನಿಟ್ಟುಕೊಂಡು ವಲಯ ಗುರುತಿಸುವ ಅಧಿಕಾರವನ್ನು ಊರುಗಳಿಗೆ ದಾಟಿಸಿದವು. 1926ರಲ್ಲಿ ಓಹಾಯೋದ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಅಧಿಕಾರವನ್ನು ಎತ್ತಿಹಿಡಿಯಿತು. ಇಂಥ ಬೀದಿಯಲ್ಲಿ ಮನೆ ಮಾತ್ರ, ಇಂಥಲ್ಲಿ ಅಂಗಡಿ ಎಂದು ಪ್ರತಿ ಊರೂ ತನ್ನ ಪುಸ್ತಕ ತಾನೇ ಬರೆದುಕೊಂಡಿತು.

ಇದರ ಬಲ ಎಂದರೆ ನೆಲದ ಪರಿಚಯ. ದೊಡ್ಡ ಮಳೆ ಬಂದಾಗ ನೀರು ಯಾವ ತಿರುವಿನಲ್ಲಿ ನಿಲ್ಲುತ್ತದೆ, ಶಾಲೆ ಬಿಡುವ ಹೊತ್ತಿಗೆ ಯಾವ ರಸ್ತೆ ಕಟ್ಟಿಕೊಳ್ಳುತ್ತದೆ ಎಂಬುದು ರಾಜಧಾನಿಯ ಕಚೇರಿಗೆ ಗೊತ್ತಿರುವುದಿಲ್ಲ. ಹೊಣೆ ಯಾರದೆಂಬುದೂ ಸ್ಪಷ್ಟ. ಕೌನ್ಸಿಲರ್ ಮನೆ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು.

ಆದರೆ ಮೊದಲ ಎರಡು ಅಳತೆಗಳಲ್ಲಿ ಈ ಮಾದರಿ ಸೋಲುತ್ತದೆ. ತೆರಿಗೆ ತರುವ ಮಳಿಗೆ, ಆಫೀಸು ನಮಗಿರಲಿ, ಶಾಲೆ ಮತ್ತು ಆಸ್ಪತ್ರೆಯ ಖರ್ಚು ತರುವ ಬಡವರ ಮನೆಗಳು ಪಕ್ಕದೂರಿಗೆ ಹೋಗಲಿ ಎಂದು ಪ್ರತಿ ಊರೂ ಲೆಕ್ಕ ಹಾಕಿದರೆ, ಒಂದೊಂದು ಊರಿನ ಲೆಕ್ಕವೂ ಸರಿ, ಇಡೀ ಪ್ರದೇಶದ ಲೆಕ್ಕ ಮಾತ್ರ ತಪ್ಪು. ಬಡವರು ಬರಬಾರದು ಎಂದು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ. ಸೈಟು ಇಷ್ಟು ದೊಡ್ಡದಿರಲೇಬೇಕು ಎಂದು ಬರೆದರೆ ಸಾಕು. ನ್ಯೂಜೆರ್ಸಿಯ ಮೌಂಟ್ ಲಾರೆಲ್ ಎಂಬ ಊರಿನ ಇಂಥದೇ ನಿಯಮಗಳ ವಿರುದ್ಧ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟು 1975ರಲ್ಲಿ ತೀರ್ಪು ಕೊಟ್ಟಿತು. ಬೆಳೆಯುತ್ತಿರುವ ಊರುಗಳು ತಮ್ಮ ಪ್ರದೇಶಕ್ಕೆ ಬೇಕಾದ ಕಡಿಮೆ ಆದಾಯದವರ ಮನೆಗಳಲ್ಲಿ ನ್ಯಾಯವಾದ ಪಾಲಿಗೆ ಜಾಗ ಮಾಡಿಕೊಡಬೇಕು ಎಂದಿತು. ಊರುಗಳು ಸುಲಭಕ್ಕೆ ಬಗ್ಗಲಿಲ್ಲ. 1983ರಲ್ಲಿ ಅದೇ ಕೋರ್ಟು ಇನ್ನೂ ಗಟ್ಟಿಯಾಗಿ ಹೇಳಬೇಕಾಯಿತು.

ಇಲ್ಲಿ ಹ್ಯೂಸ್ಟನ್ನಿನ ಮಾತು ಎತ್ತದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ವಲಯ ನಿಯಮವೇ ಇಲ್ಲದ ಮಹಾನಗರ ಎಂದು ಅದರ ಖ್ಯಾತಿ. 1948, 1962, 1993ರಲ್ಲಿ ಅಲ್ಲಿನ ಮತದಾರರು ವಲಯ ನಿಯಮ ತರುವ ಪ್ರಸ್ತಾಪವನ್ನು ತಿರಸ್ಕರಿಸಿದ್ದಾರೆ. ಹಾಗೆಂದು ನಿಯಮಗಳೇ ಇಲ್ಲವೆಂದಲ್ಲ. ಬಡಾವಣೆಯ ಕ್ರಯಪತ್ರದಲ್ಲೇ 'ಇಲ್ಲಿ ಮನೆ ಮಾತ್ರ' ಎಂಬಂಥ ಷರತ್ತುಗಳಿರುತ್ತವೆ, ಅವನ್ನು ಜಾರಿ ಮಾಡಲು ನಗರಾಡಳಿತವೂ ಕೈಜೋಡಿಸುತ್ತದೆ. 1998ರಲ್ಲಿ ನಗರದ ಒಳವರ್ತುಲದಲ್ಲಿ ಸೈಟಿನ ಕನಿಷ್ಠ ಅಳತೆಯನ್ನು 5,000 ಚದರಡಿಯಿಂದ 1,400ಕ್ಕೆ ಇಳಿಸಿದರು. ಒಂದು ಹಳೇ ಮನೆ ಕೆಡವಿದ ಜಾಗದಲ್ಲಿ ಮೂರು ಕಿರಿದಾದ ಮನೆಗಳು ಏಳತೊಡಗಿದವು. ವಿರೋಧ ತಣ್ಣಗಾಗಲು ಒಂದು ಕಿಂಡಿಯನ್ನೂ ಇಟ್ಟಿದ್ದರು: ಬೇಡ ಎನ್ನುವ ಬೀದಿಯವರು ಸಾಕಷ್ಟು ಸಹಿ ಸಂಗ್ರಹಿಸಿ ಅರ್ಜಿ ಕೊಟ್ಟರೆ ತಮ್ಮ ಬೀದಿಯ ಮಟ್ಟಿಗೆ ದೊಡ್ಡ ಸೈಟಿನ ನಿಯಮವನ್ನೇ ಉಳಿಸಿಕೊಳ್ಳಬಹುದು. 'ಸ್ಥಳೀಯ' ಎಂಬುದು ನಗರಸಭೆಯ ಬಾಗಿಲಲ್ಲೇ ನಿಲ್ಲಬೇಕಿಲ್ಲ, ಇನ್ನೂ ಕೆಳಗಿಳಿಯಬಹುದು.

ಕಾಗದದ ಮೇಲಿನ ಸ್ಥಳೀಯ ಅಧಿಕಾರವನ್ನು ನಂಬಿ ಕೂರುವಂತೆಯೂ ಇಲ್ಲ. ಭಾರತದ ಸಂವಿಧಾನಕ್ಕೆ ಬಂದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದು ಸೇರಿಸಿದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ, ಎರಡನೆಯದು ಭೂಬಳಕೆಯ ನಿಯಂತ್ರಣ. ಆದರೆ ಆ ಅಧಿಕಾರವನ್ನು ಎಷ್ಟರ ಮಟ್ಟಿಗೆ ಕೊಡಬೇಕೆಂಬುದನ್ನು ರಾಜ್ಯ ಶಾಸನಸಭೆಗಳ ವಿವೇಚನೆಗೆ ಬಿಟ್ಟಿದೆ. ಅನೇಕ ನಗರಗಳ ಮಾಸ್ಟರ್ ಪ್ಲಾನು ಇಂದಿಗೂ ಸಿದ್ಧವಾಗುವುದು ರಾಜ್ಯ ನೇಮಿಸಿದ ಪ್ರಾಧಿಕಾರಗಳಲ್ಲಿ.

ಗುರಿ ರಾಜ್ಯದ್ದು, ನಕ್ಷೆ ಊರಿನದು

'ರಾಜ್ಯದ ಮಾರ್ಗಸೂಚಿ' ಎಂದಾಗ ಜಗತ್ತಿನೆಲ್ಲೆಡೆ ಉದಾಹರಣೆಗೆ ಬರುವುದು ಅಮೆರಿಕದ ಆರೆಗನ್. ಗವರ್ನರ್ ಟಾಮ್ ಮೆಕಾಲ್ ಕಾಲದಲ್ಲಿ, 1973ರಲ್ಲಿ ಅಲ್ಲೊಂದು ಕಾನೂನು ಬಂತು. ರಾಜ್ಯ ಮಟ್ಟದ ಆಯೋಗವೊಂದು ಭೂಬಳಕೆಯ ಗುರಿಗಳನ್ನು ಬರೆಯುತ್ತದೆ. ಈಗ ಅವು 19 ಇವೆ. ಕೃಷಿಭೂಮಿ, ಕಾಡು, ವಸತಿ, ಸಮುದ್ರತೀರ, ನಗರದ ಬೆಳವಣಿಗೆ ಎಲ್ಲವೂ ಅದರಲ್ಲಿವೆ. ಪಟ್ಟಿಯ ಮೊದಲ ಗುರಿ ಮಾತ್ರ ನೆಲದ್ದಲ್ಲ, ಜನರದ್ದು: ಯೋಜನೆಯ ಪ್ರತಿ ಹಂತದಲ್ಲೂ ನಾಗರಿಕರಿಗೆ ಪಾಲಿರಬೇಕು. ಆ ಗುರಿಗಳಿಗೆ ಹೊಂದುವ ಯೋಜನೆಯನ್ನು ಪ್ರತಿ ನಗರ, ಪ್ರತಿ ಕೌಂಟಿ (ನಮ್ಮ ಜಿಲ್ಲೆಯಂಥದು) ತಾನೇ ಮಾಡಿ ಆಯೋಗದ ಒಪ್ಪಿಗೆ ಪಡೆಯಬೇಕು. ವ್ಯಾಜ್ಯಗಳಿಗೆಂದು 1979ರಲ್ಲಿ ಪ್ರತ್ಯೇಕ ಮೇಲ್ಮನವಿ ಮಂಡಳಿಯೂ ಬಂತು. ಭೂಬಳಕೆಯ ಜಗಳಗಳು ಮಾಮೂಲು ಕೋರ್ಟಿನ ಸಾಲಿನಲ್ಲಿ ಕೊಳೆಯಬಾರದು ಎಂಬುದು ಉದ್ದೇಶ.

ಪ್ರತಿ ನಗರದ ಸುತ್ತ ಒಂದು ಬೆಳವಣಿಗೆ ಗಡಿ ಇರುತ್ತದೆ. ಮುಂದಿನ 20 ವರ್ಷಕ್ಕೆ ಬೇಕಾಗುವಷ್ಟು ಜಾಗ ಗಡಿಯ ಒಳಗೆ ಇರಬೇಕು, ಅದರಾಚೆ ಹೊಲ ಹೊಲವೇ. ಪೋರ್ಟ್‌ಲೆಂಡ್ ಸುತ್ತ ಕೆಲವು ಕಡೆ ರಸ್ತೆಯ ಈ ಬದಿ ಒತ್ತೊತ್ತಾಗಿ ಮನೆಗಳು, ಆ ಬದಿ ಉತ್ತ ನೆಲ. ಈ ಗಡಿಯ ಗಟ್ಟಿತನ ಎಷ್ಟೆಂದು ತಿಳಿಯಲು ಒಂದು ನಿಯಮ ನೋಡಿದರೆ ಸಾಕು. ಫಲವತ್ತಾದ ಕೃಷಿ ವಲಯದಲ್ಲಿ ರೈತ ಹೊಸ ಮನೆ ಕಟ್ಟಬೇಕೆಂದರೆ ಇರುವ ದಾರಿಗಳಲ್ಲಿ ಮುಖ್ಯವಾದದ್ದು ಆದಾಯ ಪರೀಕ್ಷೆ: ಆ ಜಮೀನಿನ ಉತ್ಪನ್ನ ಮಾರಿ ವರ್ಷಕ್ಕೆ 80,000 ಡಾಲರ್ ವಹಿವಾಟು ಮಾಡಿದ್ದೇನೆ, ಅದೂ ಒಂದೇ ವರ್ಷವಲ್ಲ, ಎಂದು ತೋರಿಸಬೇಕು. ಹೊಲದ ನೆಪದಲ್ಲಿ ಬಂಗಲೆ ಕಟ್ಟುವವರಿಗೆ ಇದಕ್ಕಿಂತ ಒಳ್ಳೇ ಬೇಲಿ ನಾನು ಕಂಡಿಲ್ಲ. ಸಣ್ಣ ಹಿಡುವಳಿ ಇಟ್ಟುಕೊಂಡು ನಿಜವಾಗಿಯೂ ದುಡಿಯುವವನೂ ಅದೇ ಬೇಲಿಯಾಚೆ ಉಳಿಯುತ್ತಾನೆ ಎಂಬುದು ಅದರ ಕಹಿ.

ಆ ಕಹಿ ಒಂದು ದಿನ ಮತಪೆಟ್ಟಿಗೆಯಲ್ಲಿ ಹೊರಬಿತ್ತು. 2004ರಲ್ಲಿ ಆರೆಗನ್ನಿನ ಜನ 'ಮೆಷರ್ 37' ಎಂಬ ಪ್ರಸ್ತಾಪವನ್ನು ಸ್ಪಷ್ಟ ಬಹುಮತದಿಂದ ಗೆಲ್ಲಿಸಿದರು. ಜಮೀನು ಕೊಂಡ ಮೇಲೆ ಬಂದ ನಿಯಮದಿಂದ ಅದರ ಬೆಲೆ ಇಳಿದಿದ್ದರೆ ಸರ್ಕಾರ ಪರಿಹಾರ ಕೊಡಬೇಕು, ಇಲ್ಲವೇ ಆ ನಿಯಮ ಕೈಬಿಡಬೇಕು. ಸಾವಿರಾರು ಅರ್ಜಿಗಳು ಬಂದವು. ಪರಿಹಾರ ಕೊಡಲು ದುಡ್ಡೆಲ್ಲಿಯದು? ನಿಯಮ ಬಿಡುವುದೇ ದಾರಿಯಾಯಿತು. ಪಕ್ಕದ ಹೊಲದಲ್ಲಿ ಬಡಾವಣೆ ಏಳುತ್ತದೆ ಎಂದಾಗ ಓಟು ಹಾಕಿದವರಲ್ಲೇ ಅನೇಕರು ಬೆಚ್ಚಿದರು. 2007ರಲ್ಲಿ 'ಮೆಷರ್ 49' ಮೂಲಕ ಜನರೇ ಅದನ್ನು ಬಹುಪಾಲು ಹಿಂತೆಗೆದು, ಹಳೇ ಮಾಲೀಕರಿಗೆ ಕೆಲವೇ ಮನೆ ಕಟ್ಟಿಕೊಳ್ಳುವ ಹಕ್ಕು ಉಳಿಸಿದರು. ತಪ್ಪು ತಿದ್ದುವ ದಾರಿ ಎಂಬ ಅಳತೆಯಲ್ಲಿ ನಾನು ಆರೆಗನ್‌ಗೆ ಹೆಚ್ಚು ಅಂಕ ಕೊಡುವುದು ಇದಕ್ಕೇ.

ಗಡಿಯ ಒಳಗೆ ಜಾಗ ಸೀಮಿತ, ಆದ್ದರಿಂದ ಒಳಗೆ ಹೆಚ್ಚು ಮನೆ ಕಟ್ಟಲು ಬಿಡದಿದ್ದರೆ ಬೆಲೆ ಏರುತ್ತದೆ. ಹೊರಗೆ ತಡೆದು ಒಳಗೂ ತಡೆದರೆ ಬಾಡಿಗೆದಾರ ಎಲ್ಲಿಗೆ ಹೋಗಬೇಕು? ಇದಕ್ಕೆ ಆರೆಗನ್ ಬಹಳ ತಡವಾಗಿ, 2019ರಲ್ಲಿ ಉತ್ತರಿಸಿತು. 10,000ಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಒಂಟಿ ಮನೆಗೆ ಮೀಸಲಾದ ಸೈಟುಗಳಲ್ಲಿ ಜೋಡಿ ಮನೆಗೂ, 25,000 ಮೀರಿದ ಕಡೆಗಳಲ್ಲಿ ನಾಲ್ಕು ಮನೆಯವರೆಗಿನ ಕಟ್ಟಡಗಳಿಗೂ ಅವಕಾಶ ಕೊಡಬೇಕೆಂದು ಕಾನೂನು ಮಾಡಿತು.

ಇದೇ ಮಾದರಿ ಎಲ್ಲೆಡೆ ಬಾಳುತ್ತದೆ ಎಂದುಕೊಳ್ಳಬೇಡಿ. ಫ್ಲಾರಿಡಾ 1985ರಲ್ಲಿ ಬಿಗಿಯಾದ ಕಾನೂನು ತಂದಿತ್ತು. ಊರುಗಳ ಯೋಜನೆಯನ್ನು ರಾಜ್ಯ ಪರಿಶೀಲಿಸಬೇಕು, ರಸ್ತೆ ನೀರಿನ ವ್ಯವಸ್ಥೆ ಇಲ್ಲದೆ ಹೊಸ ಬಡಾವಣೆಗೆ ಒಪ್ಪಿಗೆ ಇಲ್ಲ. 2011ರಲ್ಲಿ ಆ ಕಾನೂನಿನ ಹಲ್ಲು ಕಿತ್ತರು, ಪರಿಶೀಲಿಸುತ್ತಿದ್ದ ಇಲಾಖೆಯನ್ನೇ ಮುಚ್ಚಿದರು. ಮೇಲಿನ ಸರ್ಕಾರದ ಮನಸ್ಸು ಬದಲಾದರೆ ಕಾವಲು ಒಂದೇ ಅಧಿವೇಶನದಲ್ಲಿ ಹೋಗುತ್ತದೆ.

ಇಡೀ ದೇಶಕ್ಕೆ ಒಂದೇ ಪಟ್ಟಿ

ಜಪಾನಿನಲ್ಲಿ ವಲಯಗಳ ವ್ಯಾಖ್ಯಾನ ರಾಷ್ಟ್ರೀಯ ಕಾನೂನಿನಲ್ಲೇ ಇದೆ. 1992ರ ತಿದ್ದುಪಡಿಯಿಂದ 12 ವಲಯಗಳಿದ್ದವು, 2018ರಲ್ಲಿ ಇನ್ನೊಂದು ಸೇರಿ 13 ಆದವು. ಊರಿನ ಕೆಲಸ ಹೊಸ ವಲಯ ಸೃಷ್ಟಿಸುವುದಲ್ಲ, ಈ ಪಟ್ಟಿಯಲ್ಲಿ ಯಾವುದು ಎಲ್ಲಿ ಎಂದು ನಕ್ಷೆಯ ಮೇಲೆ ಬಣ್ಣ ಹಾಕುವುದು. ಅತ್ಯಂತ ಬಿಗಿಯಾದ ಕಡಿಮೆ ಎತ್ತರದ ವಸತಿ ವಲಯದಲ್ಲೂ ಮನೆಗೆ ಅಂಟಿಕೊಂಡ ಸಣ್ಣ ಅಂಗಡಿ ಇಡಬಹುದು. ಅದು ಮನೆಯ ಅರ್ಧಕ್ಕಿಂತ ಕಡಿಮೆ ಇರಬೇಕು, 50 ಚದರ ಮೀಟರ್ ಮೀರಬಾರದು. ನಿಯಮಕ್ಕೆ ಹೊಂದಿದ ಕಟ್ಟಡಕ್ಕೆ ಸಾಮಾನ್ಯವಾಗಿ ಅನುಮತಿ ಸಿಕ್ಕೇ ಸಿಗುತ್ತದೆ, ನೆರೆಯವರ ಮುನಿಸಿನ ಮೇಲೆ ಅದು ನಿಲ್ಲುವುದಿಲ್ಲ.

ಖಚಿತತೆ ಮತ್ತು ಖರ್ಚು ಎರಡರಲ್ಲೂ ಇದಕ್ಕೆ ಸಾಟಿಯಿಲ್ಲ. ಒಂದು ಊರಿನ ನಿಯಮ ಕಲಿತ ವಾಸ್ತುಶಿಲ್ಪಿ ದೇಶದ ಯಾವ ಮೂಲೆಯಲ್ಲಾದರೂ ಕೆಲಸ ಮಾಡಬಹುದು. ಪ್ಲಾನರ್ ಇಲ್ಲದ ಪಟ್ಟಣಕ್ಕೂ ಸಿದ್ಧ ಪಟ್ಟಿ ಕೈಗೆ ಸಿಗುತ್ತದೆ. ತೊಂದರೆ ಎಂದರೆ, ಪಟ್ಟಿಯಲ್ಲಿ ಇಲ್ಲದ್ದು ಊರಿಗೆ ಬೇಕಾದಾಗ ಬೇರೆ ಸುತ್ತುದಾರಿ ಹಿಡಿಯಬೇಕು. ಹಳೇ ಬೀದಿಯ ಚಹರೆ ಉಳಿಸಬೇಕೆನ್ನುವವರಿಗೆ ಈ ಮಾದರಿ ರುಚಿಸುವುದು ಕಷ್ಟ.

ಮಾಡದಿದ್ದರೆ ಅಧಿಕಾರ ಜಾರುತ್ತದೆ

ನಾಲ್ಕನೆಯ ಬಗೆಯಲ್ಲಿ ರಾಜ್ಯ ನಕ್ಷೆಗೆ ಕೈ ಹಾಕುವುದಿಲ್ಲ, ಒಂದು ಫಲಿತಾಂಶ ಕೇಳುತ್ತದೆ. ಊರು ಅದನ್ನು ಕೊಡದಿದ್ದರೆ 'ಇಲ್ಲ' ಎನ್ನುವ ಹಕ್ಕು ಸಡಿಲವಾಗುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯ 1969ರಿಂದ ಹೀಗೆ ನಡೆಸುತ್ತಿದೆ. ಊರಿನ ಮನೆಗಳಲ್ಲಿ ಶೇ. 10ಕ್ಕಿಂತ ಕಡಿಮೆ ಕೈಗೆಟಕುವ ದರದವಾಗಿದ್ದರೆ, ಅಂಥ ಮನೆಗಳ ನಿಗದಿತ ಪಾಲಿರುವ ಯೋಜನೆ ಹಿಡಿದು ಬಂದ ಬಿಲ್ಡರಿಗೆ ಊರು ಬೇಡ ಎಂದರೂ ಆತ ರಾಜ್ಯದ ಸಮಿತಿಗೆ ಮೇಲ್ಮನವಿ ಹೋಗಬಹುದು. ಶೇ. 10 ಮುಟ್ಟಿದ ಊರಿಗೆ ಈ ಕಾಟವಿಲ್ಲ. 2010ರಲ್ಲಿ ಇದನ್ನು ರದ್ದು ಮಾಡುವ ಪ್ರಸ್ತಾಪ ಜನಮತದಲ್ಲಿ ಸೋತಿತು.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಸ್ವಾರಸ್ಯ. ಪ್ರತಿ ಪ್ರದೇಶಕ್ಕೆ ಇಷ್ಟು ಮನೆ ಬೇಕೆಂಬ ಲೆಕ್ಕವನ್ನು ರಾಜ್ಯ ಬಹಳ ಹಿಂದಿನಿಂದಲೂ ಊರುಗಳಿಗೆ ಹಂಚುತ್ತ ಬಂದಿದೆ. ದಶಕಗಳ ಕಾಲ ಊರುಗಳು ಚೆಂದದ ಯೋಜನೆ ಬರೆದು ಕೊಟ್ಟವು, ಮನೆ ಮಾತ್ರ ಏಳಲಿಲ್ಲ. ತಪ್ಪಿದವರಿಗೆ ಬಿಸಿ ಮುಟ್ಟಿಸುವ ಕಾನೂನುಗಳು ಗಟ್ಟಿಯಾದದ್ದು ಈಚೆಗೆ. 2021ರಲ್ಲಿ ಒಂಟಿ ಮನೆಯ ಸೈಟನ್ನು ಎರಡಾಗಿ ಒಡೆದು ಹೆಚ್ಚು ಮನೆ ಕಟ್ಟಲು ಬಿಡಬೇಕೆಂಬ ಕಾನೂನು ಬಂದಾಗ ವುಡ್‌ಸೈಡ್ ಎಂಬ ಸಿರಿವಂತರ ಊರು ಒಂದು ಉಪಾಯ ಹೂಡಿತು. ತನ್ನ ಇಡೀ ಊರು ಬೆಟ್ಟದ ಸಿಂಹಗಳ (ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳ) ಆವಾಸಸ್ಥಾನ, ಆದ್ದರಿಂದ ಈ ಕಾನೂನು ತನಗೆ ಅನ್ವಯಿಸುವುದಿಲ್ಲ ಎಂದು 2022ರ ಆರಂಭದಲ್ಲಿ ಘೋಷಿಸಿತು. ದೊಡ್ಡ ಬಂಗಲೆ ಕಟ್ಟಿದಾಗ ಕಾಣದ ಸಿಂಹ ಜೋಡಿ ಮನೆ ಎಂದಾಕ್ಷಣ ಕಂಡಿತು! ರಾಜ್ಯದ ಅಟಾರ್ನಿ ಜನರಲ್ ಪತ್ರ ಬರೆದು ಎಚ್ಚರಿಸಿದ ಮೇಲೆ ಊರು ಹಿಂದೆ ಸರಿಯಿತು.

ಇದು ನಗೆಯ ಪ್ರಸಂಗ ಮಾತ್ರವಲ್ಲ. ಗುರಿ ಎಷ್ಟೇ ಒಳ್ಳೆಯದಿರಲಿ, ಮನಸ್ಸಿಲ್ಲದ ಊರು ಒಂದು ಸಂದು ಹುಡುಕಿಯೇ ಹುಡುಕುತ್ತದೆ. ಅದನ್ನು ಮುಚ್ಚಲು ರಾಜ್ಯಕ್ಕೆ ಸಿಬ್ಬಂದಿ ಬೇಕು, ವಕೀಲರು ಬೇಕು, ಅದನ್ನು ವರ್ಷಾನುಗಟ್ಟಲೆ ಮಾಡುವ ಹಟ ಬೇಕು. ಜೊತೆಗೆ ಒಂದು ಅಪಾಯವೂ ಇದೆ: ಊರಿನ ಹಕ್ಕು ಜಾರಿದಾಗ ಲಾಭ ಮೊದಲು ಸಿಗುವುದು ಬಿಲ್ಡರಿಗೆ. ಆತ ಆರಿಸುವ ಜಾಗ ಬಸ್ಸು, ಶಾಲೆ, ಚರಂಡಿಗೆ ಹತ್ತಿರವೇ ಇರಬೇಕೆಂದೇನಿಲ್ಲ.

ಆಯ್ದ ಜಾಗಕ್ಕೆ ಮಾತ್ರ ರಾಜ್ಯದ ಕಣ್ಣು

ಊರಿನೊಳಗಿನದೆಲ್ಲ ಊರಿಗೆ, ಸಮುದ್ರತೀರ, ನದಿಪಾತ್ರ, ಬೆಟ್ಟಗಳಂಥ ಸೂಕ್ಷ್ಮ ಜಾಗಗಳು ಮಾತ್ರ ಮೇಲಿನವರಿಗೆ. ಕ್ಯಾಲಿಫೋರ್ನಿಯಾದ ಜನ 1972ರಲ್ಲಿ ಜನಮತದ ಮೂಲಕ ಕರಾವಳಿ ಆಯೋಗ ತಂದರು, 1976ರ ಕಾಯ್ದೆ ಅದನ್ನು ಕಾಯಂ ಮಾಡಿತು. ಭಾರತದಲ್ಲಿ 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದೇ ಜಾತಿಯದು. ಅಮೆರಿಕದ 1968ರ ಪ್ರವಾಹ ವಿಮೆ ಯೋಜನೆಯದು ಸ್ವಲ್ಪ ಬೇರೆ ದಾರಿ: ಪ್ರವಾಹ ಬಯಲಿನಲ್ಲಿ ಕಟ್ಟುವುದಕ್ಕೆ ಕನಿಷ್ಠ ನಿಯಮ ಒಪ್ಪಿಕೊಂಡ ಊರಿನ ಜನರಿಗೆ ಮಾತ್ರ ಆ ವಿಮೆ. ಒತ್ತಾಯವಿಲ್ಲ, ಆದರೆ ಬೇಡ ಎನ್ನಲು ಮನಸ್ಸೂ ಬಾರದು.

ಈ ಮಾದರಿ ಅಗ್ಗ, ಮತ್ತು ರಾಜಕೀಯವಾಗಿ ಹೊರಲು ಹಗುರ. ಎಡವುವುದು ಗಡಿರೇಖೆಯಲ್ಲಿ, ಒಂದೇ ಜಾಗಕ್ಕೆ ಇಬ್ಬರು ಒಡೆಯರಾದಾಗ. ಕೇರಳದ ಮರಡು ಪ್ರಕರಣ ಅನೇಕರಿಗೆ ನೆನಪಿರಬಹುದು. 2006ರಲ್ಲಿ ಹಿನ್ನೀರಿನ ದಡದಲ್ಲಿ ಫ್ಲ್ಯಾಟು ಕಟ್ಟಲು ಪಂಚಾಯಿತಿ ಅನುಮತಿ ಕೊಟ್ಟಿತು. ಕರಾವಳಿ ನಿಯಮದ ಪ್ರಕಾರ ಬೇಕಿದ್ದ ಒಪ್ಪಿಗೆ ಇರಲಿಲ್ಲ. ಜನ ಕೊಂಡರು, ಸಾಲ ಮಾಡಿ ಒಳಗೆ ಬಂದರು. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೆಡವಲು ಹೇಳಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕ್ಕೆ ನೆಲ ಕಚ್ಚಿದವು. ಮಾಲೀಕರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿತು ಕೋರ್ಟು, ಆದರೆ ಮನೆ ಹೋಯಿತು. ಊರಿನ ಸೀಲು ಬಿದ್ದ ಕಾಗದವೇ ಸಾಕೆಂದು ನಂಬಿದವರು ತೆತ್ತ ಬೆಲೆ ಅದು. ಎರಡು ಹಂತದ ನಿಯಮ ಇರುವ ಕಡೆ ಎರಡನೆಯ ಒಪ್ಪಿಗೆ ಇಲ್ಲದೆ ಮೊದಲನೆಯದು ಕೊಡಲೇ ಬಾರದು ಎಂಬ ಬೀಗ ಕಾನೂನಿನಲ್ಲೇ ಇರಬೇಕು.

ಹಾಗಾದರೆ ನೀವು ಯಾವುದರ ಕಡೆ?

ನೀವು ಸಣ್ಣ ಪಟ್ಟಣದವರಾಗಿದ್ದು ಊರಿಗೆ ಪ್ಲಾನರೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ, 'ಪೂರ್ತಿ ಅಧಿಕಾರ ನಮಗೆ' ಎಂಬ ಘೋಷಣೆಗೆ ಮರುಳಾಗಬೇಡಿ. ಆ ಅಧಿಕಾರವನ್ನು ಚಲಾಯಿಸುವ ಶಕ್ತಿ ಊರಿಗಿಲ್ಲದಿದ್ದರೆ ಅದು ಅರ್ಜಿದಾರ ತಂದುಕೊಟ್ಟ ನಕ್ಷೆಗೆ ಸಹಿ ಹಾಕುವ ಅಧಿಕಾರವಷ್ಟೇ ಆಗುತ್ತದೆ. ಜಪಾನಿನಂಥ ಸಿದ್ಧ ಪಟ್ಟಿ ನಿಮಗೆ ಲಾಭ. ಅದಿಲ್ಲದಿದ್ದರೆ ನಾಲ್ಕಾರು ಪಟ್ಟಣಗಳು ಸೇರಿ ಒಬ್ಬ ಪ್ಲಾನರನ್ನು ಇಟ್ಟುಕೊಳ್ಳಲು ರಾಜ್ಯದ ಅನುದಾನ ಕೇಳಿ. ಆರೆಗನ್ನಿನಲ್ಲೂ ಊರುಗಳ ಯೋಜನೆಗೆ ರಾಜ್ಯ ಹಣ ಕೊಟ್ಟಿತ್ತು. ಕೊಡದೆ ಬರೀ ಗುರಿ ಹೇರಿದರೆ ಆ ಮಾದರಿಯನ್ನು ಅರ್ಧಕ್ಕೆ ನಕಲು ಮಾಡಿದಂತೆ.

ವೇಗವಾಗಿ ಬೆಳೆಯುತ್ತಿರುವ ಮಹಾನಗರದ ಸುತ್ತಲಿನ ಊರಾದರೆ ಲೆಕ್ಕ ಬೇರೆ. ನಿಮ್ಮ ಊರಿಗೆ ಶಕ್ತಿ ಇದೆ, ಆದರೆ ಮನೆ, ಟ್ರಾಫಿಕ್ಕು, ಕಸ, ನೀರು ಯಾವುದೂ ಊರಿನ ಗಡಿಗೆ ನಿಲ್ಲುವುದಿಲ್ಲ. ಇಲ್ಲಿ ನನ್ನ ಓಟು ಆರೆಗನ್ನಿನ ಚೌಕಟ್ಟಿಗೆ, ಅದಕ್ಕೆ ಮೆಸಾಚುಸೆಟ್ಸಿನ ಚಾಟಿ ಸೇರಿದರೆ. ಗುರಿ ಅಂಕಿಯಲ್ಲಿರಲಿ, ಎಲ್ಲಿ ಎಂಬುದನ್ನು ಊರು ಹೇಳಲಿ, ಗಡುವು ಮೀರಿದರೆ ಅಧಿಕಾರ ತಾನಾಗಿ ಜಾರಲಿ, ಮುಟ್ಟಿಸಿದ ದಿನ ತಾನಾಗಿ ಮರಳಲಿ.

ಊರಂಚಿನ ರೈತರದು ಕಠಿಣ ಆಯ್ಕೆ. ಬಿಗಿ ಗಡಿ ಬಂದರೆ ಬೇಸಾಯ ಉಳಿಯುತ್ತದೆ, ಎಕರೆಯ ಬೆಲೆ ಕುಗ್ಗುತ್ತದೆ. ಬೇಸಾಯ ಮುಂದುವರಿಸುವ ಮಕ್ಕಳಿದ್ದರೆ ಗಡಿ ನಿಮ್ಮ ಮಿತ್ರ, ಏಕೆಂದರೆ ಪಕ್ಕದಲ್ಲಿ ಬಡಾವಣೆ ಬಂದ ಮೇಲೆ ಟ್ರ್ಯಾಕ್ಟರ್ ಸದ್ದಿಗೂ ಗೊಬ್ಬರದ ವಾಸನೆಗೂ ದೂರು ಬರುತ್ತದೆ. ಮಾರಿ ಹೊರಡುವ ಮನಸ್ಸಿದ್ದರೆ ಅದು ಶತ್ರು. ಎರಡೂ ಗೊತ್ತಾಗದ ಸ್ಥಿತಿಯಲ್ಲಿದ್ದರೆ ಗಡಿಯನ್ನು ಎಷ್ಟು ವರ್ಷಕ್ಕೊಮ್ಮೆ, ಯಾವ ಲೆಕ್ಕದ ಮೇಲೆ ಸರಿಸುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಲೆಕ್ಕವಿಲ್ಲದೆ ಸರಿಯುವ ಗಡಿಯಿಂದ ದಲ್ಲಾಳಿಗಳಿಗೆ ಮಾತ್ರ ಸುಗ್ಗಿ.

ಬಾಡಿಗೆದಾರರು, ಮೊದಲ ಮನೆ ಹುಡುಕುತ್ತಿರುವವರು ಹೆಚ್ಚು ಯೋಚಿಸಬೇಕಿಲ್ಲ. ನಿಮ್ಮ ದನಿ ಊರಿನ ಸಭೆಗಿಂತ ರಾಜ್ಯದ ಚುನಾವಣೆಯಲ್ಲಿ ಚೆನ್ನಾಗಿ ಕೇಳುತ್ತದೆ. ಮೂರನೆಯ (ಜಪಾನಿನ) ಅಥವಾ ನಾಲ್ಕನೆಯ (ಮೆಸಾಚುಸೆಟ್ಸಿನ) ಮಾದರಿ ನೋಡಿ. ಕೆರೆ, ಕಡಲು, ಬೆಟ್ಟ ಉಳಿಸಲು ಹೊರಟವರಿಗೆ ಐದನೆಯದು (ಆಯ್ದ ಜಾಗಕ್ಕೆ ಮಾತ್ರ ರಾಜ್ಯದ ಕಣ್ಣು) ಒಳ್ಳೆಯ ಆರಂಭ, ಆದರೆ ಫ್ಲಾರಿಡಾದ ಪಾಠ ಮರೆಯದಿರಿ: ರಾಜ್ಯದ ನಿಯಮ ಕನಿಷ್ಠ ಮಟ್ಟವಾಗಿರಲಿ, ಅದಕ್ಕಿಂತ ಬಿಗಿ ಮಾಡುವ ಹಕ್ಕು ಊರಿಗೆ ಉಳಿದಿರಲಿ. ಆಗ ಮೇಲಿನವರ ಮನಸ್ಸು ಬದಲಾದರೂ ಕೆಳಗೆ ಒಂದು ಕಾವಲು ಇರುತ್ತದೆ.

ಬೀದಿಯ ಚಹರೆ, ಬೋರ್ಡು, ಮರಗಳ ಸಾಲು, ಕಾಂಪೌಂಡು, ಪಾರ್ಕಿನ ಗೇಟು ಎಷ್ಟು ಹೊತ್ತಿಗೆ ಮುಚ್ಚಬೇಕು ಎಂಬಂಥವು ಯಾವ ಮಾದರಿಯಲ್ಲೂ ರಾಜಧಾನಿಗೆ ಹೋಗಬೇಕಿಲ್ಲ. ಕರಡಿನಲ್ಲಿ ಇಂಥವೂ ಸೇರಿದ್ದರೆ ಧೈರ್ಯವಾಗಿ ವಿರೋಧಿಸಿ.

ಆಕ್ಷೇಪಣೆ ಬರೆಯುವಾಗ 'ಒಪ್ಪುತ್ತೇವೆ', 'ವಿರೋಧಿಸುತ್ತೇವೆ' ಎಂದಷ್ಟೇ ಬರೆದರೆ ಅದು ರಾಶಿಯಲ್ಲಿ ಒಂದು ಕಾಗದವಾಗುತ್ತದೆ. ಕಲಂ ಸಂಖ್ಯೆ ಹಾಕಿ ಪ್ರಶ್ನೆ ಕೇಳಿ. ಈ ಮಾರ್ಗಸೂಚಿ ಊರನ್ನು ಕಟ್ಟಿಹಾಕುತ್ತದೆಯೋ, ಬರೀ ಸಲಹೆಯೋ? ಊರು ಗಡುವು ಮೀರಿದರೆ ಅದರ ಪರವಾಗಿ ಯಾರು, ಎಷ್ಟು ದಿನದಲ್ಲಿ ತೀರ್ಮಾನಿಸುತ್ತಾರೆ? ಮೇಲ್ಮನವಿ ಎಲ್ಲಿಗೆ, ಅದರ ಶುಲ್ಕ ಎಷ್ಟು? ಯೋಜನೆ ಮಾಡುವ ಖರ್ಚನ್ನು ಕೊಡುವವರು ಯಾರು? ಇವುಗಳಲ್ಲಿ ಒಂದಕ್ಕೂ ಕರಡಿನಲ್ಲಿ ಉತ್ತರ ಸಿಗದಿದ್ದರೆ, ಉತ್ತರ ಸೇರಿಸಿ ಮತ್ತೆ ಪ್ರಕಟಿಸಿ ಎಂದು ಕೇಳುವುದೇ ಸರಿಯಾದ ಆಕ್ಷೇಪಣೆ.